ಸೂಪರ್‌ಚಾರ್ಜರ್ ಮಿನಿಯ ಕ್ರ್ಯಾಂಕ್ ಪುಲ್ಲಿ: ಸವೆದ ರಬ್ಬರನ್ನು ಸರಿಪಡಿಸಬಹುದೇ, ಇಡೀ ಪುಲ್ಲಿಯನ್ನೇ ಬದಲಿಸಬೇಕೇ?

ಕೊವೆಂಟ್ರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2005ರ ಮಿನಿ ಕೂಪರ್ ಎಸ್ ಇದೆ. ಆರ್53 ಎಂದು ಕರೆಯುವ, 1.6 ಲೀಟರ್ ಟ್ರೈಟೆಕ್ ಎಂಜಿನ್ನಿಗೆ, ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಈಟನ್ ಎಂ45 ಸೂಪರ್‌ಚಾರ್ಜರ್ ಜೋಡಿಸಿರುವ ಮಾದರಿ. ಎರಡು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕಿರುಗುಟ್ಟುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಆ ಸದ್ದು ನಿಂತು, ಐಡ್ಲಿಂಗ್‌ನಲ್ಲಿ ತಗಡಿನ ಡಬ್ಬಿಗೆ ನಟ್ಟು ಬೋಲ್ಟು ಹಾಕಿ ಅಲ್ಲಾಡಿಸಿದಂಥ ಶಬ್ದ ಶುರುವಾಗುತ್ತಿತ್ತು. ಮೊದಲು ಬೆಲ್ಟ್ ಬದಲಿಸಿದೆ, ಆಮೇಲೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬದಲಿಸಿದೆ. ಎರಡು ಸಲವೂ ವಾರದ ಮಟ್ಟಿಗೆ ನೆಮ್ಮದಿ, ನಂತರ ಮತ್ತೆ ಅದೇ ಸದ್ದು.

ಕಳೆದ ಶನಿವಾರ ಬಲಗಡೆಯ ಮುಂದಿನ ಚಕ್ರವನ್ನೂ ಅದರ ಒಳಗಿನ ಪ್ಲಾಸ್ಟಿಕ್ ಲೈನರನ್ನೂ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಲೈನರಿನ ಮೂಲೆಯಲ್ಲಿ ಪೆನ್ಸಿಲ್ ರಬ್ಬರ್ ಉಜ್ಜಿದಾಗ ಉದುರುವಂಥ ಕಪ್ಪು ಹುಡಿ ಒಂದು ಚಮಚದಷ್ಟು ಸೇರಿತ್ತು. ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿದ್ದು ಬೆಲ್ಟನ್ನು ತಿರುಗಿಸುವ ಗಾಲಿ) ಮಧ್ಯದ ಹಬ್ಬಿಗೂ ಬೆಲ್ಟ್ ಓಡುವ ಹೊರ ರಿಂಗಿಗೂ ನಡುವೆ ಇರುವ ರಬ್ಬರು ಒಂದು ಕಡೆ ತುಟಿಯಂತೆ ಹೊರಕ್ಕೆ ಉಬ್ಬಿದೆ, ಇನ್ನೊಂದು ಕಡೆ ಬಿರುಕು ಬಿಟ್ಟಿದೆ. ಹಬ್, ರಬ್ಬರ್, ರಿಂಗ್ ಮೂರರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದೇ ಗೆರೆ ಎಳೆದು, ವಾರ್ವಿಕ್‌ವರೆಗೆ ಹೋಗಿ ಬಂದು ಮತ್ತೆ ನೋಡಿದೆ. ಹಬ್ಬಿನ ಮೇಲಿನ ಗೆರೆಗೂ ರಿಂಗಿನ ಮೇಲಿನ ಗೆರೆಗೂ ನಡುವೆ ಒಂದು ಹೆಬ್ಬೆರಳಿನ ಅಗಲದಷ್ಟು ಅಂತರವಾಗಿದೆ. ಅಂದರೆ ರಿಂಗು ಹಬ್ಬಿನ ಮೇಲೆ ಜಾರುತ್ತಿದೆ.

ಇಲ್ಲಿನ ಒಂದು ಗ್ಯಾರೇಜಿನವರು ನಾಲ್ಕು ಕಡೆ ವೆಲ್ಡ್ ಹೊಡೆದು ಕೊಡುತ್ತೇವೆ, ಕಾರಿನ ಆಯುಷ್ಯ ಮುಗಿಯುವವರೆಗೂ ತೊಂದರೆ ಇರುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಹಳೆಯ ರಬ್ಬರ್ ಕೆತ್ತಿ ತೆಗೆದು ರಬ್ಬರಿನಂತೆ ಗಟ್ಟಿಯಾಗುವ ಪಾಲಿಯುರೇಥೇನ್ ಪ್ಲಾಸ್ಟಿಕ್ ಸುರಿಯಿರಿ ಎನ್ನುತ್ತಾರೆ. ದಾವಣಗೆರೆಯಲ್ಲಿ ನಮ್ಮ ತಂದೆಯವರ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಕಪ್ಲಿಂಗಿಗೆ ರಬ್ಬರ್ ಬುಷ್‌ಗಳಿದ್ದವು; ವರ್ಷಕ್ಕೊಮ್ಮೆ ಹಳೆಯದನ್ನು ಬಡಿದು ತೆಗೆದು ಹೊಸದನ್ನು ಕೂರಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ಇದೂ ಅಂಥದೇ ಬುಷ್ ಅಲ್ಲವೇ? ರಬ್ಬರನ್ನಷ್ಟೇ ಬದಲಿಸಲು ಸಾಧ್ಯವಿಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ಹಳೆಯ ಟ್ರೈಟೆಕ್, ಆಕ್ಸ್‌ಫರ್ಡ್

ದುರಸ್ತಿಯ ಮಾತು ಆಮೇಲೆ ಆಡೋಣ. ಮೊದಲು ಆ ಕಾರನ್ನು ಓಡಿಸುವುದನ್ನು ಇವತ್ತೇ ನಿಲ್ಲಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೇರೆ ಅನೇಕ ಕಾರುಗಳಲ್ಲಿ ಈ ಬೆಲ್ಟ್ ಕಳಚಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಏಸಿ ನಿಲ್ಲುತ್ತದೆ, ಹೇಗೋ ಮನೆ ಸೇರಬಹುದು. ಆರ್53ರಲ್ಲಿ ಹಾಗಲ್ಲ. ಈ ಎಂಜಿನ್ನಿನಲ್ಲಿ ವಾಟರ್ ಪಂಪಿಗೆ ಬೆಲ್ಟಿನ ಪುಲ್ಲಿಯೇ ಇಲ್ಲ. ಸೂಪರ್‌ಚಾರ್ಜರಿನ ಹಿಂಬದಿಯ ಗೇರುಗಳೇ ಅದನ್ನು ತಿರುಗಿಸುತ್ತವೆ. ಕ್ರ್ಯಾಂಕ್ ಪುಲ್ಲಿ ಬೆಲ್ಟನ್ನು ತಿರುಗಿಸಬೇಕು, ಬೆಲ್ಟ್ ಸೂಪರ್‌ಚಾರ್ಜರನ್ನು ತಿರುಗಿಸಬೇಕು, ಸೂಪರ್‌ಚಾರ್ಜರ್ ವಾಟರ್ ಪಂಪನ್ನು ತಿರುಗಿಸಬೇಕು. ಈ ಸರಪಣಿಯ ಮೊದಲ ಕೊಂಡಿಯಲ್ಲೇ ನಿಮ್ಮ ರಬ್ಬರ್ ಇದೆ. ಅದು ಪೂರ್ತಿ ಬಿಟ್ಟುಕೊಂಡ ಕ್ಷಣದಿಂದ ಎಂಜಿನ್ನಿನೊಳಗೆ ನೀರು ಓಡುವುದು ನಿಲ್ಲುತ್ತದೆ. ಟೈಮಿಂಗ್ ಚೈನ್ ಬೇರೆಯೇ ಇರುವುದರಿಂದ ಎಂಜಿನ್ ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಸ್ಟೀರಿಂಗಿನ ಪಂಪ್ ವಿದ್ಯುತ್ತಿನದ್ದಾದ್ದರಿಂದ ಸ್ಟೀರಿಂಗ್ ಕೂಡ ಕೂಡಲೇ ಬಿಗಿಯಾಗುವುದಿಲ್ಲ. ಚಾಲಕನಿಗೆ ಮೊದಲು ಕಾಣುವುದು ಬ್ಯಾಟರಿಯ ಕೆಂಪು ದೀಪ ಮಾತ್ರ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಆರು ವರ್ಷಗಳ ಹಿಂದೆ ನನ್ನ ಕಾರಿನಲ್ಲೂ ಇದೇ ಆಯಿತು. ಹೊಸ ಪುಲ್ಲಿಯ ಬೆಲೆ ಕೇಳಿ ಹಿಂಜರಿದು, ಬಿರುಕುಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಮುಂದಿನ ಗಾಜನ್ನು ಅಂಟಿಸಲು ಬಳಸುವ ಯುರೇಥೇನ್ ಅಂಟನ್ನು ಸುತ್ತಲೂ ತುಂಬಿ ಎರಡು ದಿನ ಒಣಗಿಸಿದೆ. ಸದ್ದು ನಿಂತಿತು, ಬಿಳಿ ಗೆರೆ ಕದಲಲಿಲ್ಲ, ಗೆದ್ದೆ ಎಂದುಕೊಂಡೆ. ಮೂರನೆಯ ವಾರ ಎಂ40 ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಲರೇಟರ್ ಒತ್ತಿದಾಗ ಬಾನೆಟ್ಟಿನ ಕೆಳಗೆ ಚಾಟಿ ಬೀಸಿದಂಥ ಸದ್ದಾಯಿತು, ಬ್ಯಾಟರಿ ದೀಪ ಹತ್ತಿತು. ಮುಂದಿನ ಸರ್ವಿಸ್ ಸ್ಟೇಷನ್ ಎರಡೇ ಮೈಲಿ ಇದೆಯಲ್ಲ ಎಂದು ಓಡಿಸಿಕೊಂಡು ಹೋದೆ. ಆ ಎರಡು ಮೈಲಿ ನನಗೆ ಹೆಡ್ ಗ್ಯಾಸ್ಕೆಟ್ಟಿನ ಕೆಲಸ ತಂದಿತು, ಸಿಲಿಂಡರ್ ಹೆಡ್ಡನ್ನು ಸಾಣೆ ಹಿಡಿಸಬೇಕಾಯಿತು. ಹಾಗಾಗಿ ಈ ಕಾರಿನಲ್ಲಿ ಬ್ಯಾಟರಿ ದೀಪ ಹತ್ತಿದರೆ, ಅದು ನೀರಿನ ಪಂಪ್ ನಿಂತಿರುವುದರ ದೀಪವೆಂದೇ ತಿಳಿದು ರಸ್ತೆಯ ಪಕ್ಕದಲ್ಲೇ ಎಂಜಿನ್ ಆರಿಸಿ.

ಕಂಪನ, ಮಿಷಿಗನ್

ಕೊವೆಂಟ್ರಿಯವರ ಪ್ರಶ್ನೆಯ ಬೇರು ‘ಬುಷ್’ ಎಂಬ ಪದದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸುಗಳ ಕಂಪನವನ್ನು ಅಳೆಯುವ ಕೆಲಸದಲ್ಲಿ ಹದಿನೈದು ವರ್ಷ ಕಳೆದಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ನಿಮ್ಮ ತಂದೆಯವರ ಗಿರಣಿಯ ಕಪ್ಲಿಂಗಿನಲ್ಲಿದ್ದ ಬುಷ್ ಎರಡು ಶಾಫ್ಟುಗಳ ನಡುವಿನ ಸಣ್ಣ ಓರೆಕೋರೆಯನ್ನು ಸಹಿಸಿಕೊಳ್ಳುತ್ತಿತ್ತು, ಶುರುವಾತಿನ ಹೊಡೆತವನ್ನು ಮೆತ್ತಗೆ ಮಾಡುತ್ತಿತ್ತು. ಗಟ್ಟಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಗಿರಣಿ ನಡೆಯುತ್ತಿತ್ತು. ಕ್ರ್ಯಾಂಕ್ ಪುಲ್ಲಿಯ ರಬ್ಬರು ಹಾಗಲ್ಲ. ಅದು ಲೆಕ್ಕ ಹಾಕಿ ಶ್ರುತಿ ಮಾಡಿದ ಒಂದು ಸ್ಪ್ರಿಂಗ್. ತಂಬೂರಿಯ ತಂತಿಯನ್ನು ಬಿರಡೆಯಲ್ಲಿ ಬಿಗಿ ಮಾಡಿ ಸ್ವರಕ್ಕೆ ತರುವಂತೆ, ಹೊರ ರಿಂಗಿನ ತೂಕಕ್ಕೆ ತಕ್ಕ ಗಡಸುತನದ ರಬ್ಬರನ್ನು ಆರಿಸಿ, ಆ ಜೋಡಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಮಾತ್ರ ಜೋರಾಗಿ ಮಿಡಿಯುವಂತೆ ಮಾಡಿರುತ್ತಾರೆ.

ಏಕೆಂದರೆ ಕ್ರ್ಯಾಂಕ್‌ಶಾಫ್ಟ್ ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ. ಪ್ರತಿ ಬಾರಿ ಒಂದು ಸಿಲಿಂಡರಿನಲ್ಲಿ ಇಂಧನ ಉರಿದಾಗಲೂ ಅದು ಒಂದು ಡಿಗ್ರಿಯ ಸಣ್ಣ ಭಾಗದಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಸೆಕೆಂಡಿಗೆ 100 ಸುತ್ತು, ಸುತ್ತಿಗೆ ಎರಡರಂತೆ 200 ಹೊಡೆತ. ಅದರ ಜೊತೆಗೆ 400, 600 ಹರ್ಟ್ಜ್‌ನ ಮೇಲುಸ್ವರಗಳೂ ಇರುತ್ತವೆ. ಇಂಥ ಕ್ರ್ಯಾಂಕಿಗೆ ತನ್ನದೇ ಆದ ತಿರುಚು ಕಂಪನದ ಆವರ್ತನ ಕೆಲವು ನೂರು ಹರ್ಟ್ಜ್‌ಗಳಲ್ಲಿ ಇರುತ್ತದೆ. ಎಂಜಿನ್ನಿನ ಯಾವುದೋ ವೇಗದಲ್ಲಿ ಇವೆರಡೂ ಒಂದಕ್ಕೊಂದು ಸೇರಿದರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ತಿರುಚು ಬೆಳೆಯುತ್ತಾ ಹೋಗುತ್ತದೆ. ಆಗ ರಿಂಗು ರಬ್ಬರಿನ ಮೇಲೆ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಓಲಾಡಿ ಆ ಬೆಳವಣಿಗೆಯನ್ನು ತಡೆಯುತ್ತದೆ. ಓಲಾಟದ ಶಕ್ತಿ ರಬ್ಬರಿನೊಳಗೆ ಬಿಸಿಯಾಗಿ ಕರಗುತ್ತದೆ. ಕಂಪನವನ್ನು ಹೀಗೆ ಅಡಗಿಸುವ ಭಾಗಕ್ಕೇ ಡ್ಯಾಂಪರ್ ಎನ್ನುವುದು. ಈ ತೊಂದರೆಯನ್ನು 20ನೆಯ ಶತಮಾನದ ಆರಂಭದಲ್ಲೇ ಎದುರಿಸಿ ಡ್ಯಾಂಪರ್ ರೂಪಿಸಿದವರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಒಬ್ಬರು. ಅವರ ಕಾರ್ಖಾನೆ ಇದ್ದದ್ದು ನಿಮ್ಮ ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲೇ.

ಈಗ ವೆಲ್ಡಿಂಗ್ ವಿಷಯ. ನಾಲ್ಕು ಕಡೆ ವೆಲ್ಡ್ ಹೊಡೆದರೆ ರಿಂಗು ಜಾರುವುದಿಲ್ಲ ಎನ್ನುವುದು ನಿಜ, ಬೆಲ್ಟೂ ಓಡುತ್ತದೆ. ಆದರೆ ಆ ಕ್ಷಣಕ್ಕೆ ಡ್ಯಾಂಪರ್ ಸತ್ತಿತು. ಉಳಿದದ್ದು ಕ್ರ್ಯಾಂಕಿನ ತುದಿಯಲ್ಲಿ ನೇತಾಡುವ ಒಂದು ಭಾರ ಮಾತ್ರ. ಆ ಭಾರ ಕ್ರ್ಯಾಂಕಿನ ಸಹಜ ಆವರ್ತನವನ್ನು ಇನ್ನೂ ಕೆಳಕ್ಕೆ, ಎಂದರೆ ನೀವು ದಿನವೂ ಬಳಸುವ ವೇಗದ ಹತ್ತಿರಕ್ಕೆ ಎಳೆಯುತ್ತದೆ. ಅದರ ಫಲ ನಾಳೆಯೇ ಕಾಣುವುದಿಲ್ಲ; ಟೈಮಿಂಗ್ ಚೈನ್, ಬೇರಿಂಗ್, ಫ್ಲೈವೀಲಿನ ಬೋಲ್ಟುಗಳ ಮೇಲೆ ನಿಧಾನವಾಗಿ ಕಾಣುತ್ತದೆ. ತೂಕ ಕಡಿಮೆ ಮಾಡುವ ಆಸೆಗೆ ರಬ್ಬರೇ ಇಲ್ಲದ ಅಲ್ಯೂಮಿನಿಯಂ ಪುಲ್ಲಿ ಹಾಕುವವರೂ ಇದ್ದಾರೆ. ಅದರಲ್ಲಿ ಭಾರ ಕಡಿಮೆ ಎಂಬ ಸಮಾಧಾನವಿದೆ, ಡ್ಯಾಂಪಿಂಗ್ ಮಾತ್ರ ಇಲ್ಲ. ದಿನಬಳಕೆಯ ಕಾರಿಗೆ ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ.

ಕೊವೆಂಟ್ರಿ ನಿವಾಸಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾರು ಈಗ ಗ್ಯಾರೇಜಿನೊಳಗೆ ಜಾಕ್ ಸ್ಟ್ಯಾಂಡಿನ ಮೇಲೆ ನಿಂತಿದೆ. ವೆಲ್ಡಿಂಗ್ ಬೇಡವೆಂದು ಮನದಟ್ಟಾಯಿತು. ಆದರೂ ಒಂದು ಅನುಮಾನ ಉಳಿದಿದೆ. ಕಾರ್ಖಾನೆಯಲ್ಲಿ ಒಮ್ಮೆ ರಬ್ಬರ್ ಕೂರಿಸಿದ್ದಾರೆ ಎಂದ ಮೇಲೆ, ಅದೇ ಕೆಲಸವನ್ನು ಮತ್ತೊಮ್ಮೆ ಮಾಡಲು ಬರಬೇಕಲ್ಲವೇ? ಪಾಲಿಯುರೇಥೇನ್ ಏಕೆ ಆಗದು, ರಬ್ಬರೇ ಏಕೆ ಬೇಕು?

ಪೀಣ್ಯದಿಂದ

ನಾನು ಬೆಂಗಳೂರಿನ ಪೀಣ್ಯದಲ್ಲಿ ಲೋಹಕ್ಕೆ ರಬ್ಬರ್ ಬೆಸೆಯುವ ಕಾರ್ಖಾನೆಯೊಂದರಲ್ಲಿ ರಬ್ಬರ್ ಮಿಶ್ರಣಗಳ ಜವಾಬ್ದಾರಿ ಹೊತ್ತಿರುವವಳು. ಎಂಜಿನ್ ಮೌಂಟಿಂಗ್, ಸಸ್ಪೆನ್ಷನ್ ಬುಷ್, ಡ್ಯಾಂಪರ್ ಪುಲ್ಲಿ, ಎಲ್ಲದರ ಕೆಲಸವೂ ನಮ್ಮಲ್ಲಿ ನಡೆಯುತ್ತದೆ. ಸೂಪರ್‌ಚಾರ್ಜರ್ ಇರುವ ಮಿನಿ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. 2012ರಲ್ಲಿ ಮಿನಿ ಇಲ್ಲಿಗೆ ಬರುವ ಹೊತ್ತಿಗೆ ಕೂಪರ್ ಎಸ್ ಟರ್ಬೋ ಆಗಿತ್ತು. ಆದ್ದರಿಂದ ನಿಮ್ಮ ಕಾರನ್ನು ನಾನು ಕಂಡವಳಲ್ಲ, ಆದರೆ ಆ ರಬ್ಬರಿನ ಕಷ್ಟ ನನಗೆ ಚೆನ್ನಾಗಿ ಗೊತ್ತು.

ರಬ್ಬರ್ ಎರಡು ರೀತಿಯಲ್ಲಿ ಸಾಯುತ್ತದೆ. ಬಿಸಿ ಮತ್ತು ಗಾಳಿಯಿಂದ ಸತ್ತರೆ ಅದು ಗಟ್ಟಿಯಾಗಿ, ಒಣಗಿ, ಬಿರುಕು ಬಿಡುತ್ತದೆ. ಎಣ್ಣೆಯಿಂದ ಸತ್ತರೆ ಊದಿಕೊಂಡು, ಮೆತ್ತಗಾಗಿ, ಲೋಹದಿಂದ ಕಳಚಿಕೊಳ್ಳುತ್ತದೆ. ಇಪಿಡಿಎಂ ರಬ್ಬರು ಬಿಸಿಯನ್ನೂ ಓಝೋನನ್ನೂ ಚೆನ್ನಾಗಿ ತಡೆಯುತ್ತದೆ, ಎಂಜಿನ್ ಆಯಿಲ್ ತಾಕಿದರೆ ಮಾತ್ರ ನೀರಿಗೆ ಬಿದ್ದ ಅವಲಕ್ಕಿಯಂತೆ ಊದುತ್ತದೆ. ನೈಟ್ರೈಲ್ ರಬ್ಬರು ಎಣ್ಣೆಗೆ ಹೆದರುವುದಿಲ್ಲ, ಓಝೋನಿಗೆ ಹೆದರುತ್ತದೆ. ಎಲ್ಲವನ್ನೂ ತಡೆಯುವ ರಬ್ಬರು ಅಗ್ಗವಾಗಿ ಸಿಗುವುದಿಲ್ಲ. ನೀವು ಬರೆದಿರುವಂತೆ ಒಂದೇ ಪುಲ್ಲಿಯಲ್ಲಿ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಬಿರುಕು ಇದ್ದರೆ, ವಯಸ್ಸೂ ಎಣ್ಣೆಯೂ ಒಟ್ಟಿಗೆ ಕೆಲಸ ಮಾಡಿವೆ ಎಂದೇ ನನ್ನ ಊಹೆ. ಪುಲ್ಲಿಯ ಹಿಂದೆ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ಮೊದಲು ನೋಡಿ. ಸೋರಿಕೆ ನಿಲ್ಲಿಸದೆ ಹೊಸ ಪುಲ್ಲಿ ಹಾಕಿದರೆ ಅದಕ್ಕೂ ಇದೇ ಗತಿ.

ಇನ್ನು ಮತ್ತೆ ಬೆಸೆಯುವ ವಿಚಾರ. ಸಾಧ್ಯವಿದೆ, ಆದರೆ ಅದು ತುಂಬುವ ಕೆಲಸವಲ್ಲ, ಹೊಸದಾಗಿ ತಯಾರಿಸುವ ಕೆಲಸ. ಹಳೆಯ ರಬ್ಬರನ್ನು ಪೂರ್ತಿ ಕಿತ್ತು, ಹಬ್ಬನ್ನೂ ರಿಂಗನ್ನೂ ಜಿಡ್ಡಿನ ಲವಲೇಶವೂ ಉಳಿಯದಂತೆ ತೊಳೆದು, ಗ್ರಿಟ್ ಬ್ಲಾಸ್ಟ್ ಮಾಡಿ ಲೋಹವನ್ನು ಬೂದು ಬಣ್ಣಕ್ಕೆ ತರಬೇಕು. ಅದಾದ ಕೆಲವೇ ಗಂಟೆಗಳೊಳಗೆ, ತುಕ್ಕಿನ ಪೊರೆ ಹಿಡಿಯುವ ಮೊದಲೇ, ಒಂದು ಕೋಟ್ ಪ್ರೈಮರ್, ಅದು ಒಣಗಿದ ಮೇಲೆ ಒಂದು ಕೋಟ್ ಬೆಸುಗೆಯ ಅಂಟು ಹಚ್ಚಬೇಕು. ನಮ್ಮಲ್ಲಿ ಆ ಹಂತದಲ್ಲಿ ಬರಿಗೈಯಲ್ಲಿ ಲೋಹ ಮುಟ್ಟುವಂತಿಲ್ಲ. ಒಂದು ಹೆಬ್ಬೆಟ್ಟಿನ ಗುರುತು ಬಿದ್ದ ಜಾಗದಲ್ಲಿ ಬೆಸುಗೆ ಹಿಡಿಯದೆ ಅದೇ ಹೆಬ್ಬೆಟ್ಟಿನ ಆಕಾರದಲ್ಲಿ ರಬ್ಬರು ಕಳಚಿ ಬಂದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಎರಡೂ ಭಾಗಗಳನ್ನು ಒಂದೇ ಕೇಂದ್ರಕ್ಕೆ ಹಿಡಿಯುವ ಅಚ್ಚಿನಲ್ಲಿಟ್ಟು, ಹಸಿ ರಬ್ಬರನ್ನು ಒತ್ತಡದಿಂದ ತುಂಬಿ, ಸುಮಾರು 150ರಿಂದ 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಲ್ಕನೈಸ್ ಮಾಡಬೇಕು, ಅಂದರೆ ಬೇಯಿಸಿ ಗಟ್ಟಿ ಮಾಡಬೇಕು. ಅಂಟು ಮತ್ತು ರಬ್ಬರು ಒಂದಕ್ಕೊಂದು ರಾಸಾಯನಿಕವಾಗಿ ಕೂಡಿಕೊಳ್ಳುವುದು ಆ ಶಾಖದಲ್ಲೇ. ಮನೆಯ ಗ್ಯಾರೇಜಿನಲ್ಲಿ ಬಾಟಲಿಯಿಂದ ಸುರಿದು ಗಟ್ಟಿಯಾಗುವ ಪಾಲಿಯುರೇಥೇನಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸಾಮಾನ್ಯ ಪಾಲಿಯುರೇಥೇನ್ 80–90 ಡಿಗ್ರಿ ದಾಟಿದರೆ ಸಡಿಲವಾಗತೊಡಗುತ್ತದೆ. ಎಂಜಿನ್ನಿನ ಬಿಸಿಯ ಮೇಲೆ, ಸೆಕೆಂಡಿಗೆ ನೂರಾರು ಸಲ ಹಿಸುಕಿಸಿಕೊಳ್ಳುವಾಗ ಅದರ ಒಳಗೇ ಹುಟ್ಟುವ ಬಿಸಿ ಸೇರಿದರೆ ಆ ಮಟ್ಟವನ್ನು ದಾಟುವುದು ಕಷ್ಟವೇನಲ್ಲ. ಆಕ್ಸ್‌ಫರ್ಡಿನ ಸರ್ ಹೇಳಿದ ಮೂರು ವಾರಗಳ ಲೆಕ್ಕ ನನಗೆ ಆಶ್ಚರ್ಯ ತರಲಿಲ್ಲ.

ಕೊನೆಯದಾಗಿ, ಬೆಸೆದ ಮೇಲೆ ಅದರ ಶ್ರುತಿಯನ್ನು ಪರೀಕ್ಷಿಸಬೇಕು. ಆವರ್ತನವು ಗಡಸುತನದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ರಬ್ಬರಿನ ಬಿಗಿ ದುಪ್ಪಟ್ಟಾದರೆ ಆವರ್ತನ 1.41 ಪಟ್ಟು ಆಗುತ್ತದೆ. 350 ಹರ್ಟ್ಜ್‌ಗೆ ಮಾಡಿದ್ದು 495ಕ್ಕೆ ಹೋಗಿ ಕೂರುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ, ಡ್ಯಾಂಪರಿನ ಕೆಲಸ ಮಾತ್ರ ಮಾಡುವುದಿಲ್ಲ.

ಹುಬ್ಬಳ್ಳಿ ಡೀಸೆಲ್

ಮೇಡಂ, ನಮ್ಮ ಬಾಡಿಗೆ ಜೀಪಿನ ಡೀಸೆಲ್ ಎಂಜಿನ್ನಿನಲ್ಲೂ ಇದೇ ಥರ ರಬ್ಬರ್ ಇರುವ ಕ್ರ್ಯಾಂಕ್ ಪುಲ್ಲಿ ಇದೆ. ಅದಕ್ಕೂ ಈ ಮಾತುಗಳು ಅನ್ವಯಿಸುತ್ತವೆಯೇ? ಸೂಪರ್‌ಚಾರ್ಜರ್ ಇಲ್ಲದಿದ್ದರೆ ಅಷ್ಟು ಚಿಂತೆ ಬೇಡವೇ?

ಕಂಪನ, ಮಿಷಿಗನ್

ಹುಬ್ಬಳ್ಳಿಯವರೇ, ಪೂರ್ತಿ ಅನ್ವಯಿಸುತ್ತವೆ. ಡೀಸೆಲ್ಲಿನ ಹೊಡೆತ ಪೆಟ್ರೋಲಿಗಿಂತ ಗಡುಸು, ಅದಕ್ಕೆ ಡ್ಯಾಂಪರ್ ಇನ್ನೂ ಹೆಚ್ಚು ಬೇಕು. ಬಿಳಿ ಗೆರೆಯ ಪರೀಕ್ಷೆ ಯಾವ ಗಾಡಿಗಾದರೂ ಒಂದೇ. ಸೂಪರ್‌ಚಾರ್ಜರ್ ಇರುವ ಕಾರಿನಲ್ಲಿ ರಬ್ಬರಿಗೆ ಎರಡನೆಯ ಕೆಲಸವೊಂದು ಹೆಗಲೇರುತ್ತದೆ, ವ್ಯತ್ಯಾಸ ಅಷ್ಟೇ. ಎಂ45 ಎಂದರೆ ಪ್ರತಿ ಸುತ್ತಿಗೂ 45 ಘನ ಇಂಚು, ಅಂದರೆ ಸುಮಾರು 737 ಸಿಸಿ ಗಾಳಿಯನ್ನು ತಳ್ಳುವ ಯಂತ್ರ. ಆ ಹೊರೆಯೆಲ್ಲ ಬೆಲ್ಟಿನ ಮೂಲಕ ಹೊರ ರಿಂಗಿನ ಮೇಲೆ, ರಿಂಗಿನಿಂದ ರಬ್ಬರಿನ ಮೇಲೆ ಬೀಳುತ್ತದೆ. ಕೊವೆಂಟ್ರಿಯವರೇ, ನಿಮ್ಮ ಕಾರಿನಲ್ಲಿ ಸೂಪರ್‌ಚಾರ್ಜರಿನ ಪುಲ್ಲಿ ಮೂಲದ್ದೇ, ಅಥವಾ ಹಿಂದಿನ ಮಾಲೀಕರು ಶೇ. 15ರಷ್ಟು ಚಿಕ್ಕದನ್ನು ಹಾಕಿಸಿದ್ದಾರೆಯೇ? ಪುಲ್ಲಿ ಶೇ. 15ರಷ್ಟು ಚಿಕ್ಕದಾದರೆ ಸೂಪರ್‌ಚಾರ್ಜರಿನ ವೇಗ ಸುಮಾರು ಶೇ. 17.6ರಷ್ಟು ಏರುತ್ತದೆ, ಅದರ ಜೊತೆಗೆ ಬೆಲ್ಟಿನ ಎಳೆತವೂ ಏರುತ್ತದೆ.

ಕೊವೆಂಟ್ರಿ ನಿವಾಸಿ

ನಿಮ್ಮ ಊಹೆ ನಿಜ. ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದೆ. 2011ರಲ್ಲಿ ಚಿಕ್ಕ ಪುಲ್ಲಿ ಹಾಕಿಸಿದ್ದಾರೆ. ಕ್ರ್ಯಾಂಕ್ ಪುಲ್ಲಿ ಮಾತ್ರ ಕಾರಿನ ಜೊತೆ ಹುಟ್ಟಿದ್ದೇ.

ಲೀಡ್ಸ್ ಹಳೆಗಾಡಿ

ಇಲ್ಲಿಯವರೆಗಿನ ಮಾತುಗಳನ್ನು ಒಪ್ಪುತ್ತಲೇ, ಮತ್ತೆ ಬೆಸೆಯುವ ಕೆಲಸವನ್ನು ಪೂರ್ತಿ ತಳ್ಳಿಹಾಕಬಾರದು ಎಂದು ನನ್ನ ವಿನಂತಿ. ನನ್ನ ಬಳಿ 1960ರ ದಶಕದ ಆರು ಸಿಲಿಂಡರಿನ ಕಾರೊಂದಿದೆ. ಅದರ ಡ್ಯಾಂಪರ್ ಹೊಸದು ಎಲ್ಲೂ ಸಿಗುವುದಿಲ್ಲ. ಡ್ಯಾಂಪರುಗಳನ್ನೇ ಮರುನಿರ್ಮಿಸುವ ಪರಿಣತರೊಬ್ಬರ ಬಳಿ ಅದನ್ನು ಬೆಸೆಸಿ, ಬ್ಯಾಲೆನ್ಸ್ ಮಾಡಿಸಿ, ಎಂಟು ವರ್ಷಗಳಿಂದ ಓಡಿಸುತ್ತಿದ್ದೇನೆ. ಬಿಡಿಭಾಗ ಸಿಗದ ಗಾಡಿಗೆ ಅದೊಂದೇ ದಾರಿ. ಮಿನಿಗಾದರೋ ಹೊಸ ಭಾಗ ಇನ್ನೂ ಸಿಗುತ್ತದೆ, ಹಾಗಾಗಿ ನಾನಾದರೂ ಹೊಸದನ್ನೇ ಕೊಳ್ಳುತ್ತಿದ್ದೆ.

ರಬ್ಬರನ್ನು ಮುಂದೆಯೂ ನಾನೇ ಬದಲಿಸುವಂತಿರಬೇಕು ಎಂಬ ಆಸೆ ನಿಮ್ಮದಾದರೆ, ಎಟಿಐ ಕಂಪನಿಯ ಸೂಪರ್ ಡ್ಯಾಂಪರ್ ಆರ್53ಕ್ಕೂ ಬರುತ್ತದೆ. ಅದರಲ್ಲಿ ರಬ್ಬರನ್ನು ಲೋಹಕ್ಕೆ ಬೆಸೆದಿರುವುದಿಲ್ಲ. ಒಳಗಿನ ಭಾರದ ರಿಂಗನ್ನು ಓ-ರಿಂಗುಗಳ ನಡುವೆ ಹಿಡಿದು, ಹೊರಗಿನಿಂದ ಬೋಲ್ಟ್ ಮಾಡಿರುತ್ತಾರೆ. ವರ್ಷಗಳ ನಂತರ ಬಿಚ್ಚಿ ಹೊಸ ಓ-ರಿಂಗುಗಳನ್ನು ಹಾಕಬಹುದು. ನಿಮ್ಮ ತಂದೆಯವರ ಗಿರಣಿಯ ಬುಷ್ ಪದ್ಧತಿಗೆ ಇದೇ ಹತ್ತಿರದ್ದು.

ಹಳೆಯ ಟ್ರೈಟೆಕ್, ಆಕ್ಸ್‌ಫರ್ಡ್

ಯಾವುದನ್ನೇ ಕೊಂಡರೂ ಕೂರಿಸುವ ಕೆಲಸದಲ್ಲಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ.

ಟೆನ್ಷನರನ್ನು ಉದ್ದ ಸನ್ನೆಯಿಂದ ಒತ್ತಿ ಹಿಡಿದು, ಅದರ ರಂಧ್ರಕ್ಕೆ ಪಿನ್ ತೂರಿಸಿ ಬೆಲ್ಟ್ ತೆಗೆಯಿರಿ. ಪಿನ್ ಅರ್ಧ ಕೂತಿದ್ದರೆ ಆ ಸ್ಪ್ರಿಂಗು ಬೆರಳನ್ನು ಉಳಿಸುವುದಿಲ್ಲ, ಎರಡು ಸಲ ನೋಡಿಕೊಳ್ಳಿ. ಹಬ್ಬು ಕ್ರ್ಯಾಂಕಿನ ಮೂಗಿನ ಮೇಲೆ ಬಹಳ ಬಿಗಿಯಾಗಿ ಕೂತಿರುತ್ತದೆ, ಮೂರು ಕಾಲಿನ ಪುಲ್ಲರ್ ಬೇಕೇ ಬೇಕು. ಪುಲ್ಲರಿನ ಕೊಕ್ಕೆಗಳನ್ನು ಒಳಗಿನ ಹಬ್ಬಿಗೇ ಹಾಕಬೇಕು. ಹೊರ ರಿಂಗಿಗೆ ಹಾಕಿ ಎಳೆದರೆ ರಿಂಗು ಮಾತ್ರ ಕೈಗೆ ಬಂದು ಹಬ್ಬು ಅಲ್ಲೇ ಉಳಿಯುತ್ತದೆ. ಪುಲ್ಲರಿನ ಮೊನೆ ಕ್ರ್ಯಾಂಕಿನ ಥ್ರೆಡ್ಡಿಗೆ ತಾಗದಂತೆ ನಡುವೆ ಗಟ್ಟಿ ಉಕ್ಕಿನ ಬಿಲ್ಲೆ ಇಡಿ.

ಹೊಸದನ್ನು ಕೂರಿಸುವಾಗ ಸುತ್ತಿಗೆಯನ್ನು ಕೋಣೆಯಿಂದಲೇ ಹೊರಗಿಡಿ. ಸುತ್ತಿಗೆಯ ಏಟು ನೇರವಾಗಿ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ. ಮೂಲ ಬೋಲ್ಟಿನಿಂದಲೇ ಎಳೆದು ಕೂರಿಸಲು ಹೋಗುವುದೂ ತಪ್ಪು, ಏಕೆಂದರೆ ಆರಂಭದಲ್ಲಿ ಅದು ಎರಡು ಮೂರು ಥ್ರೆಡ್ಡನ್ನಷ್ಟೇ ಹಿಡಿದಿರುತ್ತದೆ, ಅಷ್ಟೂ ಕಿತ್ತು ಬರಬಹುದು. ಉದ್ದ ಥ್ರೆಡ್ಡಿನ ಸ್ಟಡ್ಡನ್ನು ಪೂರ್ತಿ ಒಳಗೆ ತಿರುಗಿಸಿ, ನಟ್ಟಿನಿಂದ ನಿಧಾನವಾಗಿ ಎಳೆದು ಕೂರಿಸಿ, ಆಮೇಲೆ ಹೊಸ ಬೋಲ್ಟನ್ನು ಕೈಪಿಡಿಯ ಟಾರ್ಕಿಗೆ ಬಿಗಿ ಮಾಡಿ. ರಬ್ಬರ್ ಬೆಸೆದ ಪುಲ್ಲಿಗೆ ಗ್ಯಾಸಿನ ಜ್ವಾಲೆ ತೋರಿಸಬೇಡಿ. ಪುಲ್ಲಿ ಹೊರಗಿರುವಾಗಲೇ ಮುಂಭಾಗದ ಆಯಿಲ್ ಸೀಲನ್ನು ಬದಲಿಸಿಬಿಡಿ. ಸೀಲ್ ಅಗ್ಗ, ಮತ್ತೆ ಇಷ್ಟೆಲ್ಲ ಬಿಚ್ಚುವ ದುಡಿಮೆ ಅಗ್ಗವಲ್ಲ. ಕ್ರ್ಯಾಂಕ್ ಸೆನ್ಸರಿನ ಓ-ರಿಂಗೂ ಈ ಎಂಜಿನ್ನಿನಲ್ಲಿ ಸೋರುವುದಕ್ಕೆ ಹೆಸರಾದದ್ದು, ಅದನ್ನೂ ನೋಡಿಬಿಡಿ.

ಕೊವೆಂಟ್ರಿ ನಿವಾಸಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ.

ಕೊನೆಗೆ ಬಿಚ್ಚಬಹುದಾದ ಡ್ಯಾಂಪರನ್ನೇ ಕೊಂಡೆ. ಹಳೆಯ ಪುಲ್ಲಿಯನ್ನು ತೆಗೆದಾಗ ಪೀಣ್ಯದ ಮೇಡಂ ಹೇಳಿದ್ದು ಅಕ್ಷರಶಃ ನಿಜವಾಯಿತು. ಆಯಿಲ್ ಸೀಲಿನ ಕೆಳ ಅಂಚಿನಿಂದ ಪುಲ್ಲಿಯ ಬೆನ್ನಿನವರೆಗೆ ಜೇನಿನ ಬಣ್ಣದ ಒಂದು ಜಿಡ್ಡು ಗೆರೆ ಇಳಿದಿತ್ತು. ನೆಲಕ್ಕೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಸೋರಿದ್ದನ್ನೆಲ್ಲ ತಿರುಗುವ ಪುಲ್ಲಿಯೇ ರಬ್ಬರಿಗೆ ಸವರುತ್ತಿತ್ತು. ರಿಂಗಿನ ಒಳ ಅಂಚು ಟೈಮಿಂಗ್ ಕವರಿಗೆ ತಾಗಿ, ಅಲ್ಲಿ ಕನ್ನಡಿಯಂತೆ ಹೊಳೆಯುವ ಬಿಲ್ಲಿನಾಕಾರದ ಗೀರು ಮೂಡಿತ್ತು. ಇನ್ನು ಕೆಲವು ನೂರು ಮೈಲಿ ಓಡಿಸಿದ್ದರೆ ಕವರೇ ತೂತಾಗುತ್ತಿತ್ತು. ಸೀಲ್ ಬದಲಿಸಿದೆ, ಸೆನ್ಸರಿನ ಓ-ರಿಂಗ್ ಬದಲಿಸಿದೆ, ಸೂಪರ್‌ಚಾರ್ಜರಿಗೆ ಮೂಲದ ಅಳತೆಯ ಪುಲ್ಲಿಯನ್ನೇ ಮರಳಿ ಹಾಕಿ, ಅದಕ್ಕೆ ತಕ್ಕ ಉದ್ದದ ಬೆಲ್ಟ್ ಹಾಕಿದೆ.

ಐಡ್ಲಿಂಗ್‌ನಲ್ಲಿ ಟೆನ್ಷನರಿನ ತೋಳು ಈಗ ಅಲುಗುವುದೇ ಇಲ್ಲ. ಹೊಸದರ ಮೇಲೂ ಬಿಳಿ ಗೆರೆ ಎಳೆದಿದ್ದೇನೆ. 900 ಮೈಲಿಯಾದರೂ ಕೂದಲೆಳೆಯಷ್ಟೂ ಕದಲಿಲ್ಲ. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿದೆ. ಸುತ್ತಳತೆಯ ಮೂರರಲ್ಲಿ ಎರಡು ಭಾಗದಲ್ಲಿ ರಬ್ಬರು ಲೋಹದಿಂದ ಬಿಟ್ಟಿತ್ತು, ಬಿಟ್ಟ ಮೈ ಎಣ್ಣೆ ಕುಡಿದು ಮಿರುಗುತ್ತಿತ್ತು. ಉಳಿದ ಒಂದು ಭಾಗ ಮಾತ್ರ ಇಷ್ಟು ದಿನ ಸೂಪರ್‌ಚಾರ್ಜರನ್ನೂ ನೀರಿನ ಪಂಪನ್ನೂ ಎಳೆಯುತ್ತಿತ್ತು.

ಪೀಣ್ಯದಿಂದ

ಬಹಳ ಸಂತೋಷವಾಯಿತು. ಒಂದು ಉಪಕಾರ ಮಾಡಬಹುದೇ? ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕ (ಸಂಖ್ಯೆ ಹೆಚ್ಚಿದಷ್ಟೂ ರಬ್ಬರು ಗಡಸು) ಎಲ್ಲಾದರೂ ಸಿಕ್ಕರೆ ಆ ತುಂಡಿನ ಎರಡೂ ಕಡೆ ಅಳೆದು ತಿಳಿಸಿ. ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗರಿಗೆ ಎಣ್ಣೆ ಏನು ಮಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

ಕೊವೆಂಟ್ರಿ ನಿವಾಸಿ

ಸ್ನೇಹಿತರ ಕಾರ್ಖಾನೆಯಿಂದ ಮಾಪಕ ತಂದು ಅಳೆದೆ, ಮೇಡಂ. ಬಿರುಕು ಬಿಟ್ಟ ಒಣ ಕಡೆ ಮೂರು ಜಾಗದಲ್ಲಿ 77, 79, 78. ಎಣ್ಣೆ ಕುಡಿದ ಕಡೆ 51, 54, 52. ತುಂಡನ್ನೇ ನಿಮಗೆ ಕಳಿಸಿಕೊಡುತ್ತೇನೆ. ಮುಂದಿನ ತಿಂಗಳು ದಾವಣಗೆರೆಗೆ ಬರುವವನಿದ್ದೇನೆ, ಬೆಂಗಳೂರಿನಲ್ಲಿ ಇಳಿದ ದಿನವೇ ಪೀಣ್ಯಕ್ಕೆ ತಲುಪಿಸುವ ವ್ಯವಸ್ಥೆ ಮಾಡುತ್ತೇನೆ.